ಮೊದಲ ತುತ್ತು ನಾಯಿಗೆ

ಕುರಿ ಹಿಂಡು ಎದುರಾದರೆ ಎಲ್ಲರ ಕಣ್ಣೂ ಕುರಿಗಾರನ ಕಂಬಳಿ, ಬಡಿಗೆ, ಮರಿಗಳ ಮೇಲೆ ಹೋಗುತ್ತದೆ. ನನ್ನ ಕಣ್ಣು ಹುಡುಕುವುದು ಹಿಂಡಿನ ಹಿಂದೆ ಬರುವ ನಾಯಿಯನ್ನು. ಇಂಡಿ, ಸಿಂದಗಿಯ ಭೀಮಾ ದಂಡೆಯಾಗಲಿ, ಮುದ್ದೇಬಿಹಾಳದ ಕೃಷ್ಣೆಯ ದಂಡೆಯಾಗಲಿ, ಬಸವನ ಬಾಗೇವಾಡಿ ಕಡೆಯ ಡೋಣಿ ಸೀಮೆಯಾಗಲಿ, ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಎರೆ ಹೊಲಗಳಲ್ಲಿ ಈ ಜೋಡಿ ಕಂಡೇ ಕಾಣುತ್ತದೆ. ಮುಂದೆ ಮನುಷ್ಯ, ಹಿಂದೆ ನಾಯಿ, ನಡುವೆ ಇವರಿಬ್ಬರನ್ನೂ ನಂಬಿಕೊಂಡ ಹಿಂಡು.

ಆ ನಾಯಿಯ ನಡಿಗೆಯೇ ಒಂದು ಸೊಗಸು. ಕೆಲವು ಊರ ನಾಯಿಗಳೇ. ಕೆಲವುಗಳಲ್ಲಿ ಮುಧೋಳ ನಾಯಿಯ ರಕ್ತ ಎದ್ದು ಕಾಣುತ್ತದೆ. ಉದ್ದ ಮೋರೆ, ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಎಲುಬು ಎಣಿಸಬಹುದಾದಂಥ ಮೈ. ಹೊಸಬರು ನೋಡಿ ಉಪವಾಸ ಕೆಡವಿದ್ದಾರೆ ಎಂದುಕೊಳ್ಳುತ್ತಾರೆ. ಓಟಕ್ಕಾಗಿಯೇ ಹುಟ್ಟಿದ ದೇಹವದು, ಒಂದು ತೊಲ ಹೆಚ್ಚಿನ ಮಾಂಸವೂ ಅದಕ್ಕೆ ಬೇಡ. ನಡೆಯುವಾಗ ತಲೆ ತಗ್ಗಿಸಿ, ಯಾವುದಕ್ಕೂ ಸಂಬಂಧವಿಲ್ಲದಂತೆ ಬರುತ್ತದೆ. ದೂರದ ಒಡ್ಡಿನ ಮೇಲೆ ಏನೋ ಅಲುಗಿತೆಂದರೆ ಸಾಕು, ಕುತ್ತಿಗೆ ನೆಟ್ಟಗಾಗುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತವೆ. ಆ ಒಂದು ಗಳಿಗೆಯಲ್ಲಿ ಅದು ಮೊದಲು ನೋಡುವುದು ಒಡ್ಡಿನ ಕಡೆಗಲ್ಲ, ಕುರಿಗಾರನ ಕಡೆಗೆ. ಅವನು ತುಟಿ ಕಚ್ಚಿ ಸಣ್ಣ ಸದ್ದು ಮಾಡಿದರೆ ಓಟ, ಸುಮ್ಮನಿದ್ದರೆ ನಡಿಗೆ. ಹಗ್ಗವಿಲ್ಲ, ಸರಪಳಿಯಿಲ್ಲ, ಬೈಗುಳವೂ ಇಲ್ಲ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಅರಿತವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನ ಜಾಲಿ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚುವುದನ್ನು ಹತ್ತಿರ ಕೂತು ನೋಡಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನಾಯಿ ಮಾರು ದೂರದಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ, ಹತ್ತಿರ ಬರುವುದಿಲ್ಲ. ಕುರಿಗಾರ ರೊಟ್ಟಿ ಮುರಿದು, ಗಡಿಗೆಯಲ್ಲಿನ ಹಾಲಿಗೆ ಅದ್ದಿ, ಮೆತ್ತಗಾಗುವ ತನಕ ಕಾದು ಕಲ್ಲಿನ ಮೇಲಿಡುತ್ತಾನೆ. ತನಗೆ ಒಣ ರೊಟ್ಟಿ, ನಾಯಿಗೆ ಹಾಲಿನದು. ಹಿರಿಯರೊಬ್ಬರನ್ನು ಕೇಳಿದ್ದೆ: "ಕಾಕಾ, ನೀವು ಮೊದಲು ಉಣ್ಣಬಾರದೇನ್ರಿ?" ಅವರು ರೊಟ್ಟಿ ಅದ್ದುತ್ತಲೇ ಅಂದರು: "ಅದರದ ಅದಕ ಹಾಕದ ನನಗ ಗಂಟಲದಾಗ ಇಳಿಯಂಗಿಲ್ಲಪ್ಪಾ. ರಾತ್ರಿ ಅದು ಮಲಗಂಗಿಲ್ಲ, ಅದಕ ನಾವು ಮಲಗ್ತೀವಿ."

ಇದು ಬರೀ ಮಾತಲ್ಲ. ಗೊಬ್ಬರಕ್ಕೆಂದು ಹೊಲದಲ್ಲಿ ಹಿಂಡು ತರುಬಿದಾಗ ರಾತ್ರಿ ಪೂರ್ತಿ ಬಯಲಲ್ಲೇ ವಸ್ತಿ. ತೋಳ ಬರುವುದು ಕತ್ತಲಲ್ಲಿ, ಗಾಳಿಗೆ ಎದುರಾಗಿ. ಮನುಷ್ಯ ಬಂದಾಗ ನಾಯಿ ಬೊಗಳುವ ಬಗೆ ಬೇರೆ, ತೋಳ ಬಂದಾಗಿನದು ಬೇರೆ. ಕಂಬಳಿ ಹೊದ್ದು ಮಲಗಿದವನು ನಿದ್ದೆಗಣ್ಣಲ್ಲೇ ಅದನ್ನು ಗುರುತಿಸಬಲ್ಲ. ಕುನ್ನಿಯಾಗಿದ್ದಾಗಿನಿಂದ ಕುರಿಮರಿಗಳ ನಡುವೆ ಮಲಗಿಸಿ, ಕುರಿ ಹಾಲು ಕುಡಿಸಿ ಬೆಳೆಸಿದ್ದರ ಫಲವಿದು. ಆ ನಾಯಿಗೆ ಹಿಂಡೇ ಮನೆತನ.

2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಂಗತಿ ಪ್ರಕಟಿಸಿದರು. ನಾಯಿಯೂ ಅದರ ಒಡೆಯನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗೆ ಆಗಲಿಲ್ಲ. ಒಡ್ಡಿನ ಕಡೆ ನೋಡುವ ಮೊದಲು ಒಡೆಯನ ಮುಖ ನೋಡುವ ಆ ನಾಯಿಯನ್ನು ಕಂಡವರಿಗೆ ಇದು ಹೊಸ ಸುದ್ದಿಯೇನಲ್ಲ, ಆದರೂ ಕೇಳಲು ಹಿತವಾಗಿದೆ.

ಈ ಪ್ರೀತಿಯನ್ನು ಕನ್ನಡಿಗರು ಕಲ್ಲಿನಲ್ಲಿ ಬರೆದಿಟ್ಟು ಸಾವಿರ ವರ್ಷ ದಾಟಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು ಶಾಸನ ಕ್ರಿ.ಶ. 949–50ರದು. ತಕ್ಕೋಲದಲ್ಲಿ ಚೋಳರ ವಿರುದ್ಧ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಅವನ ವೀರ ಮಣಲೇರ. ಮೆಚ್ಚಿದ ದೊರೆ ಬೇಡು ಎಂದಾಗ ಮಣಲೇರನ ಬಾಯಲ್ಲಿ ಬಂದದ್ದು ಕಾಳಿ ಎಂಬ ಬೇಟೆನಾಯಿಯ ಹೆಸರು. ಆ ಕಾಳಿಯನ್ನು ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದೂ ಬರೆಸಿದ. ನಾಯಿಗೆ ಸಲ್ಲಿಸಿ ಆಮೇಲೆ ಊಟ. ಜಾಲಿ ನೆರಳಿನ ಕಾಕಾ ಪಾಲಿಸುತ್ತಿದ್ದದ್ದೂ ಅದೇ ಕಟ್ಟಳೆಯನ್ನು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಯುದ್ಧದ ಮಾತು ಎಷ್ಟೇ ಇರಲಿ, ಕಲ್ಲಿನ ಮೇಲೆ ಕೆತ್ತಿರುವುದು ಹಂದಿಯ ಮೇಲೆ ಬಿದ್ದ ನಾಯಿಯನ್ನು.

ನಮ್ಮ ಭಾಗದ ದೇವರುಗಳೂ ನಾಯಿಯನ್ನು ದೂರ ಇಟ್ಟವರಲ್ಲ. ಇಂಡಿಯವರು ಹೊಳೆ ದಾಟಿ ಹೋಗುವ ಗಾಣಗಾಪುರದ ದತ್ತನ ಪಟದಲ್ಲಿ ಪಾದದ ಬಳಿ ನಾಲ್ಕು ನಾಯಿಗಳಿರುತ್ತವೆ. ಕುರುಬರ ಮೈಲಾರಲಿಂಗನ ಜೊತೆಗೂ ನಾಯಿ ಇದೆ. ಮೈಲಾರ, ದೇವರಗುಡ್ಡಗಳ ದೋಣಿ ಸೇವೆಯಲ್ಲಿ ಮೈಲಾರನ ಭಕ್ತರಾದ ಗೊರವಯ್ಯಗಳು ತಾವೇ ದೇವರ ನಾಯಿಗಳಾಗಿ ಪ್ರಸಾದ ಉಣ್ಣುತ್ತಾರೆ. ಕುರಿ ಕಾಯುವ ಜನ ನಿಷ್ಠೆಗೆ ಇದಕ್ಕಿಂತ ದೊಡ್ಡ ರೂಪ ಕಾಣಲಿಲ್ಲ.

ಕೃಷ್ಣೆಯ ಆಚೆಗಿನ ಮುಧೋಳದಲ್ಲಿ ರಾಜ ಮಾಲೋಜಿರಾವ್ ಘೋರ್ಪಡೆ ಈ ಸೀಮೆಯ ಬೇಟೆನಾಯಿಯನ್ನು ಪೋಷಿಸಿ ತಳಿಗೆ ಊರಿನ ಹೆಸರು ಬರಿಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಸೇನೆಗೂ ಮರಿಗಳು ಹೋದವು. ಹೆಸರು ಬಂದಂತೆ ಬೇಡಿಕೆಯೂ ಬಂತು. ಈಗ ನಗರದ ಮನೆಗಳಿಗೂ ಮರಿಗಳನ್ನು ಒಯ್ಯುತ್ತಿದ್ದಾರೆ.

ಒಯ್ಯುವವರಲ್ಲಿ ನನ್ನದೊಂದು ಬಿನ್ನಹ. ಈ ನಾಯಿಯನ್ನು ಗೇಟಿಗೆ ಕಟ್ಟಿಹಾಕಬೇಡಿ. ಓಡಲು ಬಯಲು, ಹಗಲಿಡೀ ಜೊತೆಗೆ ಒಬ್ಬ ಮನುಷ್ಯ, ಇವೆರಡನ್ನೂ ಕೊಡಬಲ್ಲಿರಾದರೆ ಮಾತ್ರ ಮರಿ ತನ್ನಿ. ಇಲ್ಲವಾದರೆ ಅದನ್ನು ಕುರಿಗಾರನ ಹತ್ತಿರವೇ ಬಿಡಿ, ಅಲ್ಲಿ ಅದು ಸುಖವಾಗಿದೆ.