ಪರಂಪರೆ ಯಾರದು? ಬೆಂಗಳೂರಿನ ಕಥೋಲಿಕರ ಬೈಬಲ್ ಓದು

ಸೆಪ್ಟೆಂಬರ್ 8ರ ಶಿವಾಜಿನಗರದ ಮರಿಯಮ್ಮನವರ ತೇರಿಗೆ ನಮ್ಮ ಮಲ್ಲತ್ತಹಳ್ಳಿಯ ಕಥೋಲಿಕರೂ ಹೋಗುತ್ತಾರೆ. ಒಂಬತ್ತು ದಿನದ ನೊವೆನಾ ಮುಗಿಸಿ, ಕೆಲವರು ಕಾವಿ ಉಟ್ಟು, ಮಾತೆಯ ಹುಟ್ಟುಹಬ್ಬ ಆಚರಿಸುತ್ತಾರೆ. ಆದರೆ ಆ ಹುಟ್ಟಿನ ಕಥೆ ಬೈಬಲಿನ 73 ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಅವಳ ತಂದೆತಾಯಿ ಯೋವಾಕಿಮ್, ಅನ್ನಮ್ಮ ಎಂಬುದು ಎರಡನೇ ಶತಮಾನದ ಒಂದು ಬರಹದಿಂದ ಬಂದದ್ದು. ಯಾಕೋಬನ ಹೆಸರಿನಲ್ಲಿರುವ ಆ ಬರಹವನ್ನು ಧರ್ಮಸಭೆ ಪವಿತ್ರ ಗ್ರಂಥದಲ್ಲಿ ಸೇರಿಸಲೇ ಇಲ್ಲ. ಪುಸ್ತಕ ಹೊರಗುಳಿಯಿತು, ಅದು ಕಾಪಾಡಿದ ನೆನಪು ಮಾತ್ರ ಹಬ್ಬವಾಗಿ ಒಳಗೆ ಬಂತು.

ಪ್ರೊಟೆಸ್ಟಂಟ್ ನೆರೆಯವರು ಇದನ್ನು ಕೇಳಿದರೆ ನಮ್ಮವರು ತಡವರಿಸುತ್ತಾರೆ. ತಡವರಿಸಬೇಕಾಗಿಲ್ಲ. ಯಾವ ಪುಸ್ತಕಗಳು ದೇವರ ವಾಕ್ಯ ಎಂಬ ಪಟ್ಟಿ ಬೈಬಲಿನ ಒಳಗಿಲ್ಲ. ಅದನ್ನು ಗುರುತಿಸಿದ್ದು ಆ ಪುಸ್ತಕಗಳನ್ನು ಕೂಡಿ ಓದಿ ಬಲಿಪೂಜೆ ಅರ್ಪಿಸುತ್ತಿದ್ದ ಸಮುದಾಯ. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಮೃತರಿಗಾಗಿ ಪ್ರಾರ್ಥಿಸುವವರಿಗೆ ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯ ಆಧಾರ. ಪ್ರೊಟೆಸ್ಟಂಟರ 66 ಪುಸ್ತಕಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಟ್ರೆಂಟ್ ಮಹಾಸಭೆ 1546ರಲ್ಲಿ ಅದನ್ನು ಪಟ್ಟಿಯಲ್ಲಿ ಖಚಿತಪಡಿಸಿತು.

ಎರಡನೇ ವ್ಯಾಟಿಕನ್ ಮಹಾಸಭೆಯ ಮುಂದೆ 1962ರಲ್ಲಿ ಬಂದ ಕರಡು, ದೈವಪ್ರಕಟಣೆಗೆ ಗ್ರಂಥ ಮತ್ತು ಪರಂಪರೆ ಎಂಬ ಎರಡು ಮೂಲಗಳಿವೆ ಎಂದಿತ್ತು. ಧರ್ಮಾಧ್ಯಕ್ಷರಲ್ಲಿ ಬಹುಪಾಲು ಜನ ವಿರೋಧಿಸಿದ್ದರಿಂದ ಪೋಪ್ ಇಪ್ಪತ್ತಮೂರನೇ ಜಾನ್ ಅದನ್ನು ಮರುಬರಹಕ್ಕೆ ಕಳಿಸಿದರು. 1965ರ ನವೆಂಬರ್ 18ರಂದು ಹೊರಬಂದ ಮಹಾಸಭೆಯ ದಾಖಲೆ ‘ದೇಯಿ ವೆರ್ಬುಮ್’, ಎರಡೂ ಒಂದೇ ಒರತೆಯಿಂದ ಹರಿಯುತ್ತವೆ ಎಂದಿತು. ಧರ್ಮಸಭೆಯ ಬೋಧನಾಧಿಕಾರ ವಾಕ್ಯದ ಮೇಲಿಲ್ಲ, ವಾಕ್ಯದ ಸೇವೆಯಲ್ಲಿದೆ ಎಂದೂ ಹೇಳಿತು. ನನಗೆ ಆ ಇಡೀ ದಾಖಲೆಯಲ್ಲಿ ಅತಿ ದೊಡ್ಡ ಮಾತು ಇದೇ.

ಆ ಮಾತಿನ ಪರೀಕ್ಷೆ ನಮ್ಮ ಊರಿನಲ್ಲೇ ನಡೆಯಿತು. ಫಾದರ್ ಡಿ.ಎಸ್. ಅಮಲೋರ್‌ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಕಟ್ಟಿದರು. ಬೈಬಲ್, ಧರ್ಮೋಪದೇಶ, ಆರಾಧನೆ ಮೂರಕ್ಕೂ ರಾಷ್ಟ್ರೀಯ ಕೇಂದ್ರ ಅದು. ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಎಣ್ಣೆದೀಪ ಸೇರಿದಂತೆ 12 ಮಾರ್ಪಾಡುಗಳಿಗೆ 1969ರಲ್ಲಿ ರೋಮ್ ಒಪ್ಪಿತು. 1974ರ ಡಿಸೆಂಬರಿನ ವಿಚಾರಸಂಕಿರಣ ಇನ್ನೂ ಮುಂದೆ ಹೋಗಿ, ಅನ್ಯ ಧರ್ಮಗ್ರಂಥಗಳಿಗೆ ಕ್ರೈಸ್ತರ ಆರಾಧನೆಯಲ್ಲಿ ಜಾಗವುಂಟೇ ಎಂದು ಕೇಳಿತು. ಮರುವರ್ಷ ರೋಮ್ ಬಲಿಪೂಜೆಯಲ್ಲಿ ಅಂಥ ಗ್ರಂಥಗಳ ವಾಚನವನ್ನು ತಡೆಯಿತು.

ತಡೆಯಲ್ಲಿ ಹುರುಳಿತ್ತು. ತನ್ನನ್ನು ಹುಟ್ಟಿಸಿದ ವಾಕ್ಯವನ್ನು ಸಮುದಾಯ ಕಿವಿಗೊಟ್ಟು ಕೇಳುವ ಜಾಗ ಬಲಿಪೂಜೆ. ಆದರೆ ದಲಿತ ಕ್ರೈಸ್ತರು ಎತ್ತಿದ ಆಕ್ಷೇಪ ಇದಕ್ಕಿಂತ ತೂಕದ್ದು. ‘ಭಾರತೀಯ’ ಎಂದರೆ ಉಪನಿಷತ್ತು, ಸಂಸ್ಕೃತ, ಆರತಿ ಎಂದು ನಿರ್ಧರಿಸಿದವರು ಯಾರು? ತಮಟೆ ಬಡಿದು ಬದುಕಿದ ಹಿರಿಯರ ಮೊಮ್ಮಕ್ಕಳು ಚರ್ಚಿಗೆ ಬಂದದ್ದು ಅದೇ ಮಡಿಯನ್ನು ಮತ್ತೆ ಕಾಣಲಿಕ್ಕಲ್ಲ. ರೋಮ್ ಕೇಳದ ಈ ಪ್ರಶ್ನೆಯನ್ನು ಬೆಂಗಳೂರಿನ ಪಂಡಿತರೂ ಸಾಕಷ್ಟು ಕೇಳಲಿಲ್ಲ.

ಜನರ ಕೈಗೆ ಗ್ರಂಥ ಕೊಡುವ ಬಗ್ಗೆಯೂ ಹಿಂಜರಿಕೆ ಹಳೆಯದು. ಮೈಸೂರು ಸೀಮೆಯಲ್ಲಿ ದಶಕಗಳ ಕಾಲ ದುಡಿದ ಮಿಷನರಿ ಅಬೆ ದುಬೊಯಿ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಅನುವಾದಿಸಿದ ಬೈಬಲನ್ನು ಬರಿದೇ ಹಂಚಿದರೆ ಇಲ್ಲಿನವರಿಗೆ ಒಳಿತಾಗದು ಎಂದು ವಾದಿಸಿದರು. ಓದಿಗೆ ಸಮುದಾಯ ಬೇಕು ಎಂಬಷ್ಟು ನಿಜ. ಆದರೆ ಓದುವವರನ್ನೇ ನಂಬದಿದ್ದರೆ ಸಮುದಾಯ ಬೆಳೆಯುವುದೆಂತು? ಇಂದಿಗೂ ಎಷ್ಟೋ ಮನೆಗಳಲ್ಲಿ ಜಪಸರದ ಮಣಿ ಬೆರಳು ತಾಗಿ ಸವೆದಿರುತ್ತದೆ, ಪೀಠದ ಪಕ್ಕದ ಬೈಬಲಿನ ಹಾಳೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಭಾನುವಾರ ಕೇಳಿಸಿಕೊಂಡರೆ ಸಾಕು ಎನ್ನುವವರಿದ್ದಾರೆ. ಮೂರು ವರ್ಷಗಳ ವಾಚನಚಕ್ರ ನಾಲ್ಕು ಶುಭಸಂದೇಶಗಳ ಬಹುಭಾಗವನ್ನು ಕೇಳಿಸುತ್ತದೆ, ಹಳೆಯ ಒಡಂಬಡಿಕೆಯಲ್ಲಿ ಆಯ್ದ ಸ್ವಲ್ಪವನ್ನೇ. ಆಯ್ಕೆಯೂ ಒಂದು ವ್ಯಾಖ್ಯಾನವೇ. ನ್ಯಾಯಸ್ಥಾಪಕರ ಪುಸ್ತಕದ 19ನೇ ಅಧ್ಯಾಯದಲ್ಲಿ, ಗಿಬೆಯ ಊರಿನ ಗಂಡಸರು ರಾತ್ರಿಯಿಡೀ ಹಿಂಸಿಸಿ ಕೊಂದ ಹೆಂಗಸು ಭಾನುವಾರದ ವಾಚನದಲ್ಲಿ ಬರುವುದೇ ಇಲ್ಲ. ಧರ್ಮಕೇಂದ್ರದ ಬೈಬಲ್ ತರಗತಿಯಲ್ಲಾದರೂ ಆ ಅಧ್ಯಾಯ ತೆರೆಯಬೇಕು. ಫಾದರ್ ವಿವರಿಸುವ ಮೊದಲು ಅಲ್ಲಿ ಕೂತ ಹೆಂಗಸರು ಮಾತಾಡಬೇಕು.