ಬಾವುಟಗುಡ್ಡೆಯಲ್ಲಿ ನಮ್ಮ ಕಡೆಯವರು

ಮಂಗಳೂರಿಗೆ ಹೋದರೆ ನನಗೆ ಎರಡೇ ಕೆಲಸ. ಕಣ್ಣಿನ ಡಾಕ್ಟರನ್ನು ಕಾಣುವುದು, ತಂಗಿಯ ಮಗಳ ಮನೆಯಲ್ಲಿ ಒಂದು ರಾತ್ರಿ ಉಳಿದು ಬೆಳಗಿನ ಬಸ್ಸಿಗೆ ಗುತ್ತಿಗಾರಿಗೆ ಹೊರಡುವುದು. ಕಳೆದ ಸಲ ಅವಳು, "ಬನ್ನಿ ದೊಡ್ಡಮ್ಮ, ನಿಮ್ಮ ಕಡೆಯವರನ್ನು ತೋರಿಸುತ್ತೇನೆ" ಎಂದು ಸಂಜೆ ಬಾವುಟಗುಡ್ಡೆಗೆ ಕರೆದುಕೊಂಡು ಹೋದಳು. ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ. 2022ರ ನವೆಂಬರ್ 19ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅನಾವರಣ ಮಾಡಿದ್ದು. ಪೇಪರಿನಲ್ಲಿ ಚಿತ್ರ ನೋಡಿದ್ದೆ. ಎದುರು ನಿಂತದ್ದು ಅದೇ ಮೊದಲು.

ಸುಳ್ಳು ಹೇಳುವುದಿಲ್ಲ, ಎದೆ ಉಬ್ಬಿತು. ಮಂಗಳೂರಿನವರಿಗೆ ನಮ್ಮ ಸುಳ್ಯದ ಕಡೆಯೆಂದರೆ ಅಡಿಕೆ, ಜಿಗಣೆ, ಸುಬ್ರಹ್ಮಣ್ಯಕ್ಕೆ ಹೋಗುವ ತಿರುವಿನ ದಾರಿ, ಅಷ್ಟೆ. ಆ ಊರಿನ ನೆತ್ತಿಯ ಮೇಲೆ ಉಬರಡ್ಕ ಮಿತ್ತೂರಿನ ಒಬ್ಬ ಕೃಷಿಕ ನಿಂತಿದ್ದಾನೆಂದರೆ ಸಣ್ಣ ಮಾತಲ್ಲ. ಅಷ್ಟರಲ್ಲಿ ಮಗಳು ಕೇಳಿದಳು: "ಇವರು ಬ್ರಿಟಿಷರ ಮೇಲೆ ದಂಡೆತ್ತಿ ಬಂದದ್ದು ಗೊತ್ತು. ಆದರೆ ಯಾಕೆ ಬಂದದ್ದು ದೊಡ್ಡಮ್ಮ?"

ನಾನು ಪ್ರತಿಮೆಯ ಮುಖ ನೋಡಿದೆ. ಅಲ್ಲಿ ಶೌರ್ಯ ಇತ್ತು, ಗಾಂಭೀರ್ಯ ಇತ್ತು. ಅವಳ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ಉತ್ತರ ಇರುವುದು ಭತ್ತದಲ್ಲಿ. ಅಮರ ಸುಳ್ಯ, ಪಂಜ, ಬೆಳ್ಳಾರೆಯ ನಮ್ಮ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಒಪ್ಪಿಸಬಹುದಿತ್ತು. 1834ರಲ್ಲಿ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ನುಂಗಿತು, ಈ ಮಾಗಣೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಆಮೇಲೆ ಕಂದಾಯ ನಗದಿನಲ್ಲೇ ಆಗಬೇಕು ಎಂದಿತು. ಇತಿಹಾಸದ ಪುಸ್ತಕಗಳಲ್ಲಿ ಇದು ಒಂದೇ ಸಾಲಿನ ಸಂಗತಿ. ಮನೆ ನಡೆಸಿದ ಹೆಂಗಸಿಗೆ ಆ ಸಾಲು ಓದಿದ ಕೂಡಲೇ ಹೊಟ್ಟೆಯಲ್ಲಿ ಒಂದು ಸಂಕಟ ಏಳುತ್ತದೆ. ಪತ್ತಾಯದಲ್ಲಿ ಭತ್ತವಿದ್ದೂ ಕೈಯಲ್ಲಿ ಕಾಸಿಲ್ಲದ ಮನೆಯನ್ನು ನಾನು ಕಂಡಿದ್ದೇನೆ, ನನ್ನದೇ ಮನೆ ಅದು. ಎಲ್ಲರೂ ಕಿಸ್ತಿನ ಹೊತ್ತಿಗೆ ಒಟ್ಟಿಗೆ ಭತ್ತ ಮಾರಲು ಹೊರಟರೆ ಕ್ರಯ ಹೇಳುವವನು ವ್ಯಾಪಾರಿ. ಎರಡು ಮುಡಿ ಕೊಟ್ಟು ತೀರಬೇಕಾದ ಲೆಕ್ಕಕ್ಕೆ ಮೂರು, ನಾಲ್ಕು ಮುಡಿ ಹೋಗುತ್ತದೆ. ಅದರ ಪೆಟ್ಟು ಬೀಳುವುದು ಸುಗ್ಗಿಯಲ್ಲಲ್ಲ, ಆಟಿಯಲ್ಲಿ. ಹೊರಗೆ ಬಿಡದ ಮಳೆ, ಒಳಗೆ ಪತ್ತಾಯದ ತಳ ಕೆರೆಯುವ ಸದ್ದು, ಕೆಸುವಿನ ಸೊಪ್ಪು, ಹಲಸಿನ ಬೀಜ. ಗಂಜಿಗೆ ಎಷ್ಟು ನೀರು ಹೊಯ್ಯಬೇಕೆಂದು ಆ ಹೊತ್ತಿಗೆ ತೀರ್ಮಾನ ಮಾಡುವವಳು ಯಾರು? ರಾಮಯ್ಯ ಗೌಡರು ಕತ್ತಿ ಹಿಡಿಯುವ ಮೊದಲು ಈ ಸೀಮೆಯ ನೂರಾರು ಅಡುಗೆಮನೆಗಳಲ್ಲಿ ಕಂಪೆನಿಯ ಲೆಕ್ಕ ತಪ್ಪಿತ್ತು ಎಂದು ನಾನು ನಂಬಿದ್ದೇನೆ.

1837ರ ಮಾರ್ಚ್ ಕೊನೆಯಲ್ಲಿ ದಂಗೆ ಎದ್ದಿತು. ಜನರನ್ನು ಪೀಡಿಸುತ್ತಿದ್ದ ಸರಕಾರದ ಪಕ್ಷದ ಅಟ್ಲೂರು ರಾಮಪ್ಪಯ್ಯನನ್ನು ಮಡಪ್ಪಾಡಿಯಲ್ಲಿ ಕೊಂದರು. ನಮ್ಮ ಗುತ್ತಿಗಾರಿನಿಂದ ಮಡಪ್ಪಾಡಿ ದೂರವೇನಲ್ಲ; ನಾನು ಮದುವೆ, ಬೊಜ್ಜಗಳಿಗೆ ಎಷ್ಟೋ ಸಲ ಹೋದ ಊರು. ಬೆಳ್ಳಾರೆಯ ಖಜಾನೆ ಕೈಸೇರಿತು. ಅಲ್ಲಿಂದ ಪುತ್ತೂರು, ಬಂಟ್ವಾಳದ ದಾರಿಯಾಗಿ ನಡೆದು ಏಪ್ರಿಲ್ 5ರಂದು ಮಂಗಳೂರು ಹಿಡಿದು ಬಾವುಟ ಹಾರಿಸಿದರು. ಹದಿಮೂರು ದಿನ ಆಳಿದರು. ಕಂದಾಯ ಮನ್ನಾ ಮಾಡಿ, ಉಪ್ಪು ಮತ್ತು ತಂಬಾಕಿನ ಸುಂಕ ತೆಗೆಯುವುದಾಗಿ ಸಾರಿದರು. ನೋಡಿ, ಗೆದ್ದವರು ಮೊದಲು ಆಡಿದ ಮಾತು ಸಿಂಹಾಸನದ್ದಲ್ಲ, ಉಪ್ಪಿನದು. ಇಷ್ಟು ಚೆಂದದ ಸಂಗತಿಯನ್ನು ಕಂಚಿನಲ್ಲಿ ಹೇಗೆ ಎರಕ ಹೊಯ್ಯುತ್ತೀರಿ ಎಂದು ಕೇಳಬಹುದು. ಒಂದು ಪತ್ತಾಯವನ್ನೋ, ಒಂದು ಅಕ್ಕಿಮುಡಿಯನ್ನೋ ಆ ಕಾಲ ಬುಡದಲ್ಲಿ ಇಟ್ಟಿದ್ದರೆ ಮಗಳು ನನ್ನನ್ನು ಕೇಳಬೇಕಾಗಿರಲಿಲ್ಲ.

ಈ ದಂಗೆಯ ಇನ್ನೊಂದು ವಿಚಿತ್ರವನ್ನೂ ಭಾಷಣಕಾರರು ಬೇಗ ದಾಟಿಬಿಡುತ್ತಾರೆ. ಮುಂದಾಳು ಕಲ್ಯಾಣಸ್ವಾಮಿ ನಿಜವಾದ ಕಲ್ಯಾಣಸ್ವಾಮಿಯೇ ಅಲ್ಲ. ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ಅರಸು ಮನೆತನದ ಹೆಸರಿಲ್ಲದೆ ಜನ ಕೂಡುವುದಿಲ್ಲವೆಂದು ಅವನಿಗೆ ಆ ಹೆಸರು ಕಟ್ಟಿದರು. ಆ ಹೆಸರನ್ನು ಹೊತ್ತೇ ಅವನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿದ. ಕೊಟ್ಟ ಹೆಸರಿಗೆ ಇಷ್ಟು ಬೆಲೆ ತೆತ್ತ ಮನುಷ್ಯನಿಗೆ ಅವನ ಸ್ವಂತ ಹೆಸರನ್ನು ದೊಡ್ಡ ಅಕ್ಷರದಲ್ಲಿ ತಿರುಗಿ ಕೊಡುವುದು ಸ್ಮಾರಕದ ಮೊದಲ ಕೆಲಸವಲ್ಲವೇ? ನಮ್ಮ ಪಕ್ಕದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದು, ಪ್ರತಿಮೆಗಿಂತ ಎಷ್ಟೋ ಮೊದಲೇ ಅವನನ್ನು ನೆನೆದರು. ಸೊಸೈಟಿ ಲೈಬ್ರರಿಯಿಂದ ತಂದು ಓದಿದವಳು ನಾನು.

ಇನ್ನು ಹೇಳಲು ಕಷ್ಟವಾದ ಮಾತು. ನಮ್ಮ ಮನೆಯಲ್ಲಿ ಈ ಘಟನೆಗೆ 'ಸ್ವಾತಂತ್ರ್ಯ ಸಂಗ್ರಾಮ' ಎಂಬ ಹೆಸರಿರಲಿಲ್ಲ. 'ಕಲ್ಯಾಣಪ್ಪನ ಕಾಟುಕಾಯಿ' ಎಂದರೆ ಮಾತ್ರ ಅರ್ಥವಾಗುತ್ತಿತ್ತು. ಕಾಟುಕಾಯಿ ಎಂದರೆ ಕೊಳ್ಳೆ, ದಾಂಧಲೆ. ನಾವು ಮಕ್ಕಳು ಚಾವಡಿಯಲ್ಲಿ ಗದ್ದಲ ಎಬ್ಬಿಸಿದರೆ ಅಜ್ಜಿ, "ಇದೆಂತದು, ಕಲ್ಯಾಣಪ್ಪನ ಕಾಟುಕಾಯಿಯಾ?" ಎಂದು ಗದರಿಸುತ್ತಿದ್ದರು. ಅವರಿಗೆ ಅವರ ಅಜ್ಜಿ ಹೇಳಿದ ಕತೆಯೊಂದಿತ್ತು. ದಂಡು ಬರುತ್ತದೆಂಬ ಸುದ್ದಿಗೆ ಹೆಂಗಸರು ಇದ್ದ ಚೂರುಪಾರು ಬಂಗಾರವನ್ನು ತಾಮ್ರದ ಚೆಂಬಿನಲ್ಲಿ ಹಾಕಿ ಹಟ್ಟಿಯ ಗೊಬ್ಬರದಲ್ಲಿ ಹುಗಿದು, ಮಕ್ಕಳನ್ನೆತ್ತಿಕೊಂಡು ಮೂರು ರಾತ್ರಿ ಕಾಡಿನಲ್ಲಿ ಕುಳಿತದ್ದು. ಬರುವ ದಂಡು ಯಾರದೆಂದು ಆ ಹೆಂಗಸರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಚೆಂಬು ಹುಗಿಯುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಸ್ಮರಣೆಯ ಸಭೆಯಲ್ಲಿ ಐದು ನಿಮಿಷ ಮಾತನಾಡಲು ನನ್ನನ್ನು ಕರೆದಿದ್ದರು. ನಾನು ಈ ಚೆಂಬಿನ ಕತೆ ಹೇಳಿದೆ. ಇಳಿದು ಬಂದಾಗ ಸಂಘಟಕರಲ್ಲಿ ಹಿರಿಯರೊಬ್ಬರು ಮೆತ್ತಗೆ, "ಅಕ್ಕ, ಆ ಶಬ್ದವೊಂದು ಬೇಡಿತ್ತು. ನಮ್ಮವರನ್ನು ನಾವೇ ಕಳ್ಳರು ಎಂದ ಹಾಗಾಯಿತು" ಎಂದರು. ಮುಂದಿನ ವರ್ಷ ನನಗೆ ಕರೆಯೋಲೆ ಮಾತ್ರ ಬಂತು, ಮೈಕು ಬರಲಿಲ್ಲ.

ಅವರ ಮಾತು ಪೂರಾ ತಪ್ಪೆಂದು ಹೇಳಲಾರೆ. ಸೋತವರಿಗೆ ಗೆದ್ದವರು ಇಡುವ ಹೆಸರು ಯಾವಾಗಲೂ ಹೀಗೆಯೇ. ನಿಮಗೆ ಗೊತ್ತೇ, ಈ ಘಟನೆಗೆ ಮೊದಲ ಸ್ಮಾರಕ ಮಾಡಿಸಿದ್ದು ಕಂಪೆನಿ ಸರಕಾರವೇ! ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಚಿನ್ನದ್ದೂ ಬೆಳ್ಳಿಯದೂ ಪದಕಗಳನ್ನು ಕೊಟ್ಟಿತು. ಅದರ ಮೇಲೆ ಕೊಡವ ಯೋಧನ ಚಿತ್ರ, ಕನ್ನಡದ ಅಕ್ಷರಗಳು. ನಮ್ಮದೇ ಲಿಪಿಯಲ್ಲಿ ನಮ್ಮವರ ನಿಷ್ಠೆಗೆ ಮೆಚ್ಚುಗೆ, ನಮ್ಮವರ ಹೋರಾಟಕ್ಕೆ ದಂಗೆಯ ಹಣೆಪಟ್ಟಿ. ಅಜ್ಜಿಯ ಬಾಯಿಯ ಶಬ್ದಕ್ಕೂ ಆ ಪದಕಕ್ಕೂ ಒಳಗಿಂದೊಳಗೆ ನಂಟಿರಬಹುದು. ಆದರೆ ಹಟ್ಟಿಯಲ್ಲಿ ಹುಗಿದ ಚೆಂಬಿಗೂ ಕಂಪೆನಿಗೂ ನಂಟಿಲ್ಲ. ಆ ಭಯ ಹೆಂಗಸರದ್ದೇ. ಅದನ್ನು ಒರೆಸಿದರೆ ಈ ಕತೆಯಲ್ಲಿ ಹೆಂಗಸರೇ ಉಳಿಯುವುದಿಲ್ಲ. ಇಷ್ಟು ವರ್ಷದ ಭಾಷಣಗಳಲ್ಲಿ ಒಬ್ಬ ಹೆಂಗಸಿನ ಹೆಸರೂ ನನ್ನ ಕಿವಿಗೆ ಬಿದ್ದಿಲ್ಲ. ಒಂದೇ ಒಂದು ಕಡೆ ಅವರು ಬರುತ್ತಾರೆ: 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದಾಗ. ಮನೆಯವರ ಕಣ್ಣೆದುರೇ ಗಲ್ಲಿಗೇರಿಸಿದರು ಎನ್ನುತ್ತಾರೆ. ನೋಡುವ ಶಿಕ್ಷೆಗೆ ಮಾತ್ರ ಹೆಂಗಸರು ಬೇಕಾದರು.

ಕಿತ್ತೂರಿನ ಚೆನ್ನಮ್ಮನಿಗೆ 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ಬಂತಲ್ಲ ಎನ್ನಬಹುದು. ಬಂತು, ಸಂತೋಷ. ಆದರೆ ಕುದುರೆ, ಕತ್ತಿ ಇದ್ದ ರಾಣಿಗೆ ಬಂತು. ಅಂದ ಹಾಗೆ ಅವಳು ಕಂಪೆನಿಯೊಡನೆ ಕಾದಾಡಿದ್ದು 1824ರಲ್ಲಿ. ಹಾಗಿರುವಾಗ ನಮ್ಮ 1837 'ದೇಶದ ಪ್ರಪ್ರಥಮ ಸಂಗ್ರಾಮ' ಎಂದು ಬ್ಯಾನರು ಕಟ್ಟುವವರನ್ನು ಕಂಡರೆ ನನಗೆ ಶಾಲೆಯ ಓಟದ ಸ್ಪರ್ಧೆ ನೆನಪಾಗುತ್ತದೆ. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು ಎಂಬುದು ನಿಜ. ಮೊದಲಿನದಲ್ಲದಿದ್ದರೆ ಅದರ ತೂಕ ಇಳಿಯುತ್ತದೆಯೇ?

2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಅಲ್ಲಿ ಗ್ರಾನೈಟ್ ಗೋಡೆಗಳ ಮೇಲೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಜವಾನನಿಗೂ ಅಧಿಕಾರಿಗೂ ಒಂದೊಂದೇ ಕಲ್ಲು. ಅಲ್ಲಿಗೆ ಹೋಗುವ ತಾಯಂದಿರು ಸ್ತಂಭ ನೋಡಲು ನಿಲ್ಲುವುದಿಲ್ಲ, ಹೆಸರು ಹುಡುಕುತ್ತಾರೆ. ನಮ್ಮ ಸೀಮೆಯಿಂದ ಮಂಗಳೂರಿಗೆ ನಡೆದು ಹೋದವರಲ್ಲಿ ಗೌಡರಿದ್ದರು, ಬಂಟರಿದ್ದರು, ಜೈನರಿದ್ದರು. ನಂದಾವರದ ಬಂಗರಸ ಲಕ್ಷ್ಮಪ್ಪನೂ ನೇಣಿಗೆ ಹೋದವನೇ. ಪೀಠದ ಮೇಲೆ ಒಬ್ಬರನ್ನೇ ನಿಲ್ಲಿಸಿದಾಗ ಉಳಿದವರು ನಿಧಾನವಾಗಿ ಒಂದು ಮನೆತನದ, ಒಂದು ಜಾತಿಯ ನೆರಳಿಗೆ ಸರಿಯುತ್ತಾರೆ. ರಾಮಯ್ಯ ಗೌಡರಿಗೂ ಅದು ನ್ಯಾಯವಲ್ಲ.

ಇಷ್ಟೆಲ್ಲವನ್ನು ಪಾರ್ಕಿನ ಬೆಂಚಿನಲ್ಲಿ ಕುಳಿತು ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಆ ಚೆಂಬು ಈಗ ಎಲ್ಲಿದೆ?"

ನಮ್ಮ ಮನೆಯ ಅಟ್ಟದಲ್ಲಿದೆ. ಬದಿಗೆ ಕಿಲುಬು ಹಿಡಿದಿದೆ, ಕುತ್ತಿಗೆಯ ಬಳಿ ಒಂದು ತಗ್ಗು. ಒಮ್ಮೆ ಗುಜರಿಯವನಿಗೆ ಕೊಡಲು ತೆಗೆದಿಟ್ಟಿದ್ದೆ. ಮರುದಿನ ಬಸ್ಸು ಬೆಳ್ಳಾರೆಗೆ ಬಂದಾಗ, ಹಳೆಯ ಖಜಾನೆ ಎಂದು ಜನ ತೋರಿಸುವ ಬಂಗ್ಲೆಗುಡ್ಡೆಯ ಕಡೆಗೆ ಕತ್ತು ಹೊರಳಿಸಿದೆ. ಪಕ್ಕದಲ್ಲಿ ಕುಳಿತ ಹೆಂಗಸು ಅಕ್ಕಿಗೆ ಕಿಲೋಗೆ ಎಷ್ಟಾಗಿದೆ ಎಂದು ಕೇಳುತ್ತಿದ್ದಳು.