ಕಾರಿನ ನಂಬರು ಕೇಳಿದ ಮಠ

ವೀಸಾ ಅರ್ಜಿಯ ಜೊತೆ ದಿನವಹಿ ಪ್ರವಾಸಪಟ್ಟಿ ಕೊಡಬೇಕು. ಯಾವ ದಿನ ಯಾವ ಊರು, ರಾತ್ರಿ ಎಲ್ಲಿ ಉಳಿಯುತ್ತೀರಿ, ಉದ್ದೇಶವೇನು ಎಲ್ಲವನ್ನೂ ಬರೆಯಬೇಕು. ಜೂನ್‌ನಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಎರಡು ದಿನದ ವಿಚಾರಸಂಕಿರಣವಿದೆ. ಅಲ್ಲಿ ನಾನೊಂದು ಪ್ರಬಂಧ ಓದಬೇಕು. ಅದರ ಹಿಂದೆಮುಂದೆ ಎಂಟು ದಿನ ಉಳಿಸಿಕೊಂಡಿದ್ದೇನೆ. ಆ ಎಂಟು ದಿನಕ್ಕೆ ನಾನು ಮೊದಲು ಬರೆದ ಪಟ್ಟಿಯಲ್ಲಿ ಊರುಗಳೇ ಇರಲಿಲ್ಲ, ಬಿಯರ್‌ಗಳಿದ್ದವು. ಕ್ಯಾಂಟಿಯೋನ್, ವೆಸ್ಟ್‌ಫ್ಲೆಟೆರೆನ್, ಓರ್ವಾಲ್, ರೋಡೆನ್‌ಬಾಕ್. ಹಾಸ್ಟೆಲಿನ ಗೆಳತಿ ಓದಿ, "ಉದ್ದೇಶ ಅನ್ನೋ ಕಡೆ ಏನು ಬರೀತೀಯೇ? ಬಾಯಾರಿಕೆ ಅಂತಲಾ?" ಎಂದು ನಕ್ಕಳು.

ನಗು ಮುಗಿದ ಮೇಲೆ ನನಗೆ ಕಾಡಿದ್ದು ಬೇರೆ. ನಾನು ಕಾಣದ ದೇಶದ ಈ ಪಟ್ಟಿ ನನ್ನ ಕೈಯಿಂದ ಇಷ್ಟು ಸಲೀಸಾಗಿ ಹೇಗೆ ಬಂತು? ಇದು ಯಾರು ಬರೆದ ಪಠ್ಯ?

ಬಹುಪಾಲು ಮೈಕೆಲ್ ಜಾಕ್ಸನ್ ಬರೆದದ್ದು. ಹಾಡುಗಾರನಲ್ಲ. 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಪತ್ರಕರ್ತ. ಈ ಹೆಸರಿನ ತಮಾಷೆಯನ್ನು ಆತನೇ ಬೇಕಾದಷ್ಟು ಮಾಡಿಕೊಂಡಿದ್ದಾನೆ. 1977ರಲ್ಲಿ ಆತ ಬರೆದ 'ದಿ ವರ್ಲ್ಡ್ ಗೈಡ್ ಟು ಬಿಯರ್' ಬಿಯರ್ ಬಗ್ಗೆ ಮಾತಾಡುವ ರೀತಿಯನ್ನೇ ಬದಲಿಸಿತು. ಬಿಯರ್‌ಗಳಿಗೆ 'ಶೈಲಿ'ಗಳಿವೆ, ಪ್ರತಿ ಶೈಲಿಗೂ ಒಂದು ಸೀಮೆ, ಒಂದು ಚರಿತ್ರೆ, ಒಂದು ಗ್ಲಾಸು ಇದೆ ಎಂಬ ತಿಳಿವಳಿಕೆ ಇಂದು ಸಾಮಾನ್ಯವಾಗಿದ್ದರೆ ಅದಕ್ಕೆ ಆ ಪುಸ್ತಕ ದೊಡ್ಡ ಕಾರಣ. 1991ರ 'ದಿ ಗ್ರೇಟ್ ಬಿಯರ್ಸ್ ಆಫ್ ಬೆಲ್ಜಿಯಂ' ಆ ಪುಟ್ಟ ದೇಶವನ್ನು ಬಿಯರ್‌ನ ಯಾತ್ರಾಸ್ಥಳವಾಗಿಸಿತು. ಬೆಂಗಳೂರಿನ ಬ್ರೂ ಪಬ್ಬುಗಳ ಕರಿಹಲಗೆಯ ಮೇಲೆ 'ಬೆಲ್ಜಿಯನ್ ವಿಟ್' ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದಲ್ಲ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರ್, ಅದು ಹುಟ್ಟೂರಿನಲ್ಲೇ ಒಮ್ಮೆ ಸತ್ತುಹೋಗಿತ್ತು. 1966ರಲ್ಲಿ ಹೂಗಾರ್ಡೆನ್ ಎಂಬ ಊರಿನಲ್ಲಿ ಪಿಯೆರ್ ಸೆಲಿಸ್ ಎಂಬಾತ ಅದನ್ನು ಮತ್ತೆ ಎಬ್ಬಿಸಿದ. ಅಂಥವರ ಕತೆಯನ್ನು ಲೋಕಕ್ಕೆ ಹೇಳಿದವರಲ್ಲಿ ಜಾಕ್ಸನ್ ಮೊದಲಿಗ.

ಜಾಕ್ಸನ್‌ನನ್ನು ನಾನು ಇಷ್ಟಪಟ್ಟು ಓದಿದ್ದೇನೆ. ಆತನ ಒಳ್ಳೆಯ ಪುಟಗಳಲ್ಲಿ ಬಿಯರ್ ತಡವಾಗಿ ಬರುತ್ತದೆ. ಮೊದಲು ಹೊಲ, ನೀರು, ಕೆಲಸಗಾರರ ದಿನಚರಿ, ಊರಿನ ಭಾಷೆಯ ಜಗಳ, ಗ್ಲಾಸು ಆಮೇಲೆ. ತಕರಾರು ಇರುವುದು ಆತ ಬಿಯರ್‌ಗೆ ಗೌರವ ಗಳಿಸಿಕೊಟ್ಟ ದಾರಿಯ ಬಗ್ಗೆ. ವೈನ್ ಬಗ್ಗೆ ಯುರೋಪಿನಲ್ಲಿ ಮೊದಲೇ ಒಂದು ಮರ್ಯಾದಸ್ಥ ಭಾಷೆ ಇತ್ತು. ಜಾಕ್ಸನ್ ಆ ಭಾಷೆಯನ್ನು ಎರವಲು ತಂದ. ನಮ್ಮ ವಿಮರ್ಶಕರು ಕಾಳಿದಾಸನನ್ನು ಭಾರತದ ಶೇಕ್ಸ್‌ಪಿಯರ್ ಎಂದು ಕರೆದ ಹಾಗೆ. ಹೋಲಿಕೆಯಿಂದ ಗೌರವ ಬಂತು. ಅದರ ಜೊತೆಗೇ ಶ್ರೇಣಿಯೂ ಬಂತು: ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಕುಡಿಯದಿದ್ದರೆ ಹೋಗಿದ್ದೂ ವ್ಯರ್ಥ. ಜಾಕ್ಸನ್ ನಂತರ ಬಂದವರು ಹೊಲ, ನೀರು, ಜಗಳ ಬಿಟ್ಟರು, ಶ್ರೇಣಿ ಉಳಿಸಿಕೊಂಡರು.

ಇದರ ಪರಿಣಾಮ ಏನೆಂದು ತಿಳಿಯಲು ವೆಸ್ಟ್‌ಫ್ಲೆಟೆರೆನ್ ನೋಡಿದರೆ ಸಾಕು. ಫ್ರಾನ್ಸ್ ಗಡಿಯ ಹತ್ತಿರದ ಆ ಹಳ್ಳಿಯಲ್ಲಿ ಸೇಂಟ್ ಸಿಕ್ಸ್ಟಸ್ ಎಂಬ ಟ್ರಾಪಿಸ್ಟ್ ಮಠವಿದೆ. ಅಲ್ಲಿನ ಸನ್ಯಾಸಿಗಳು ಮಠದ ಖರ್ಚು ನಡೆಯುವಷ್ಟೇ ಬಿಯರ್ ತಯಾರಿಸುತ್ತಾರೆ. ಬಾಟಲಿಗೆ ಕಾಗದದ ಲೇಬಲ್ ಅಂಟಿಸುವ ಪದ್ಧತಿ ಅಲ್ಲಿರಲಿಲ್ಲ. ಮುಚ್ಚಳದ ಬಣ್ಣ ನೋಡಿ ಯಾವುದೆಂದು ತಿಳಿಯಬೇಕು. 2005ರಲ್ಲಿ ರೇಟ್‌ಬಿಯರ್ ಎಂಬ ಜಾಲತಾಣ ಓದುಗರ ಅಂಕಗಳನ್ನು ಕೂಡಿಸಿ, ಅವರ 'ವೆಸ್ಟ್‌ಫ್ಲೆಟೆರೆನ್ 12' ಜಗತ್ತಿನ ಅತ್ಯುತ್ತಮ ಬಿಯರ್ ಎಂದು ಸಾರಿತು. ಮಠದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದವು. ಬೇರೆ ಯಾರಾದರೂ ಆಗಿದ್ದರೆ ಹಂಡೆ ದೊಡ್ಡದು ಮಾಡುತ್ತಿದ್ದರು. ಇವರು ಮಾಡಲಿಲ್ಲ. ಕೊಳ್ಳುವವರು ಮೊದಲೇ ಫೋನ್ ಮಾಡಿ, ಕಾರಿನ ನಂಬರು ಬರೆಸಿ, ಹೇಳಿದ ಹೊತ್ತಿಗೆ ಬಂದು ಒಯ್ಯಬೇಕು, ಮರುಮಾರಾಟ ಮಾಡಕೂಡದು ಎಂಬ ಕಟ್ಟುಪಾಡು ಮಾಡಿದರು. 2019ರಿಂದ ಕಾಯ್ದಿರಿಸುವುದು ಆನ್‌ಲೈನ್ ಆಗಿದೆ.

ಕಾರಿನ ನಂಬರು! ಈ ವಿವರ ಓದಿದಾಗ ನನಗೆ ನಗು ಬಂತು. ಬಿಯರ್ ಗೈಡುಗಳು ಯಾರನ್ನು ಓದುಗನೆಂದು ಕಲ್ಪಿಸಿಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆತ ಗಂಡಸು, ಜೊತೆಗೆ ಗೆಳೆಯರಿದ್ದಾರೆ, ಕಾರಿದೆ, ಡಿಕ್ಕಿಯಲ್ಲಿ ಜಾಗವಿದೆ, ಗಡಿ ದಾಟಲು ಯಾರಿಗೂ ಉದ್ದೇಶ ಹೇಳಬೇಕಿಲ್ಲ. ತಿಂಗಳ ಫೆಲೋಶಿಪ್ ಯಾವಾಗ ಬರುತ್ತದೋ ಎಂದು ಕಾಯುವ, ಕತ್ತಲಾಗುವ ಮೊದಲು ಹಾಸ್ಟೆಲ್ ಸೇರುವ ಅಭ್ಯಾಸ ಬಿಡದ ನನ್ನಂಥವಳು ಆ ಪುಟಗಳ ನಡುವೆ ಎಲ್ಲೂ ಕೂತಿಲ್ಲ. ಮಠದ ಎದುರಿನ 'ಇನ್ ಡೆ ವ್ರೇಡೆ' ಎಂಬ ಕೆಫೆಯಲ್ಲಿ ಒಂದು ಗ್ಲಾಸು ಕುಡಿಯಲು ಕಾರು ಬೇಕಿಲ್ಲ, ನಿಜ. ಆದರೆ ಅಲ್ಲಿಗೆ ತಲುಪಬೇಕಲ್ಲ. ಹತ್ತಿರದ ರೈಲು ನಿಲ್ದಾಣ ಪೊಪೆರಿಂಗೆ. ಹಳಿ ಅಲ್ಲಿಗೇ ಮುಗಿಯುತ್ತದೆ. ಮುಂದೆ ಹಾಪ್ಸ್ ತೋಟಗಳ ನಡುವೆ ಸೈಕಲ್ಲು ತುಳಿಯಬೇಕು.

ರೈಲಿನ ವೇಳಾಪಟ್ಟಿ ನೋಡುವಾಗ ಪೊಪೆರಿಂಗೆಗಿಂತ ಮೊದಲಿನ ನಿಲ್ದಾಣ ಕಣ್ಣಿಗೆ ಬಿತ್ತು: ಈಪರ್. ಇಂಗ್ಲಿಷಿನವರ ಈಪ್ರ್. ನನ್ನ ಪಟ್ಟಿಯಲ್ಲಿ ಅದು ಬರೀ ದಾಟಿಹೋಗುವ ನಿಲ್ದಾಣವಾಗಿತ್ತು. 1914ರ ಅಕ್ಟೋಬರ್‌ನಲ್ಲಿ ಭಾರತದ ಸೈನಿಕರನ್ನು ತಂದು ನಿಲ್ಲಿಸಿದ್ದು ಈ ಊರಿನ ಸುತ್ತಲ ಕೆಸರಿನಲ್ಲಿ. ಇಲ್ಲೇ ಹೋಲೆಬೆಕೆಯಲ್ಲಿ ಹೋರಾಡಿದ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. 1915ರ ಏಪ್ರಿಲ್‌ನಲ್ಲಿ ಜರ್ಮನರು ಕ್ಲೋರಿನ್ ಅನಿಲ ಬಿಟ್ಟದ್ದೂ ಇಲ್ಲೇ. ಊರಿನ ಮೆನಿನ್ ಗೇಟ್ ಎಂಬ ಮಹಾದ್ವಾರದ ಮೇಲೆ ದೇಹ ಸಿಗದೆ ಹೋದ 54 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ಕೆತ್ತಿದ್ದಾರೆ. ಅದರಲ್ಲಿ ನಮ್ಮವರ ಹೆಸರುಗಳೂ ಇವೆ. ಬಿಯರ್‌ನ ಕಣ್ಣಿನಿಂದ ಭೂಪಟ ನೋಡಿದರೆ ಇಂಥ ಊರು ಖಾಲಿ ಕಾಣುತ್ತದೆ. ಇದಕ್ಕೆ ಜಾಕ್ಸನ್‌ನನ್ನು ದೂರುವಂತಿಲ್ಲ. ಪಟ್ಟಿ ಬರೆದ ಪೆನ್ನು ನನ್ನದೇ.

ಬ್ರಸೆಲ್ಸ್‌ನ ಕ್ಯಾಂಟಿಯೋನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1900ರಲ್ಲಿ ಶುರುವಾದ ಈ ಬ್ರೂವರಿ 1978ರಿಂದ ಮ್ಯೂಸಿಯಂ ಕೂಡ ಹೌದು. ಇಲ್ಲಿ ಮಾಡುವ ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಬಾರ್ಲಿ ಮಾಲ್ಟು, ಮೊಳಕೆ ಬರಿಸದ ಗೋಧಿ, ಘಮ ಕಳೆದುಕೊಂಡ ಹಳೆಯ ಹಾಪ್ಸ್ ಸೇರಿಸಿ ಕುದಿಸಿದ ರಸವನ್ನು ಮಾಡಿನ ಕೆಳಗೆ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಜೀವಾಣುಗಳು ತಾವಾಗಿ ಬಂದು ಸೇರುತ್ತವೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇರಬೇಕು. ಒಂದು, ಎರಡು, ಮೂರು ವರ್ಷದ್ದನ್ನು ಬೆರೆಸಿದರೆ ಗೂಜ಼್. ಜೇಡರ ಬಲೆಗಳನ್ನು ತೆಗೆಯುವುದಿಲ್ಲ, ಹಣ್ಣಿನ ನೊಣಗಳನ್ನು ಜೇಡ ನೋಡಿಕೊಳ್ಳುತ್ತದೆ. ತಣ್ಣನೆಯ ರಾತ್ರಿಗಳು ಬೇಕಾದ್ದರಿಂದ ಈ ಕೆಲಸ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಮಾತ್ರ. ನಾನು ಹೋಗುವುದು ಜೂನ್‌ನಲ್ಲಿ. ತೊಟ್ಟಿ ಖಾಲಿ ಇರುತ್ತದೆ.

ಈ ಭಾಗ ಓದುವಾಗ ಪ್ರತಿ ಸಲ ನನಗೆ ಅಜ್ಜ ನೆನಪಾಗುತ್ತಾರೆ. ದಕ್ಷಿಣ ಕನ್ನಡದ ನಮ್ಮ ಊರಿನಲ್ಲಿ ಅಜ್ಜ ಮೂರ್ತೆ ಮಾಡುತ್ತಿದ್ದವರು, ಎಂದರೆ ಕಳ್ಳು ಇಳಿಸುತ್ತಿದ್ದವರು. ಹೊಂಬಾಳೆಯನ್ನು ಬಡಿದು ಮೆತ್ತಗೆ ಮಾಡಿ, ತುದಿ ಕೊಯ್ದು ಮಡಕೆ ಕಟ್ಟಿದರೆ, ಸಿಹಿ ರಸ ಇಳಿಯುತ್ತಿರುವಾಗಲೇ ಹುಳಿಯೊಡೆಯಲು ತೊಡಗುತ್ತದೆ. ಅಲ್ಲೂ ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ ಇದ್ದದ್ದೇ ಸಾಕು. ಹುಳಿಯೊಡೆಯಬಾರದೆಂದಿದ್ದರೆ ಮಡಕೆಯ ಒಳಗೆ ಸುಣ್ಣ ಬಳಿಯಬೇಕು. ಸೂತ್ರ ಒಂದೇ: ಬ್ರಸೆಲ್ಸ್‌ನಲ್ಲಿ ಮೂರು ವರ್ಷ, ತೆಂಗಿನ ಮರದ ಮೇಲೆ ಕೆಲವು ಗಂಟೆ. ಅದೇ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸಿತೇನೋ. ಲ್ಯಾಂಬಿಕ್ ಬಾಟಲಿಯಲ್ಲಿ ಕೂತು ಸಮುದ್ರ ದಾಟುತ್ತದೆ. ಬೆಳಗಿನ ಕಳ್ಳು ಸಂಜೆಗೆ ಬೇರೆಯೇ ಆಗಿರುತ್ತದೆ. ಗೈಡುಗಳು ಬಾಟಲಿಯ ಹಿಂದೆ ಹೋಗುತ್ತವೆ. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮ್ಮ ಶಾಲೆಯಲ್ಲಿ 'ಕಳ್ಳಿನವರ ಮಗಳು' ಎನ್ನಿಸಿಕೊಂಡವಳು.

ಕನ್ನಡ ಸಾಹಿತ್ಯದಲ್ಲಿ ಹೆಂಡ ಇಲ್ಲವೇ ಎಂದರೆ ಇದೆ, ಮತ್ತು ದೊಡ್ಡ ಜಾಗದಲ್ಲೇ ಇದೆ. ಹನ್ನೆರಡನೇ ಶತಮಾನದ ಹೆಂಡದ ಮಾರಯ್ಯ ತನ್ನ ಕಸುಬಿನ ಮಾತುಗಳಲ್ಲೇ ವಚನ ಬರೆದ. ರಾಜರತ್ನಂ ಅವರ ರತ್ನ ಇಲ್ಲದೆ ಹೊಸಗನ್ನಡ ಕಾವ್ಯ ಪೂರ್ತಿಯಾಗುವುದಿಲ್ಲ. ಆದರೆ ಮಾರಯ್ಯನಲ್ಲಿ ಹೆಂಡ ಬೇಗನೆ ರೂಪಕವಾಗಿ ಮೇಲೇರಿಬಿಡುತ್ತದೆ. ರತ್ನನಿಗೆ ಅದು ಮಾತಿಗೆ ಸಿಕ್ಕ ಪರವಾನಗಿ. ಆ ನೆಪದಲ್ಲಿ ಆತ ನಂಜಿಯ ಬಗ್ಗೆ, ಕನ್ನಡದ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾನೆ. ರಾಜರತ್ನಂ ಸ್ವತಃ ಕುಡಿಯುತ್ತಿರಲಿಲ್ಲ ಎಂಬುದನ್ನು ನಮ್ಮ ಮೇಷ್ಟ್ರುಗಳು ಪಾಠಕ್ಕೆ ಮೊದಲೇ ಹೇಳಿಬಿಡುವುದು ಒಂದು ಸ್ವಾರಸ್ಯ. ನಾನು ಓದಿದಷ್ಟರಲ್ಲಿ, ಹೆಂಡವನ್ನು ಹೆಂಡವಾಗಿಯೇ ನೋಡಿ, ಈ ಮರದ್ದು ಹೀಗೆ, ಆ ಮರದ್ದು ಹಾಗೆ ಎಂದು ನಿಧಾನವಾಗಿ ಹೇಳುವ ಗದ್ಯ ಸಿಕ್ಕಿಲ್ಲ. ಜಾಕ್ಸನ್‌ನನ್ನು ಓದಿ ಹೊಟ್ಟೆಕಿಚ್ಚಾದದ್ದು ಈ ಕಾರಣಕ್ಕೆ.

ಹಾಗೆಂದು ನಮ್ಮಲ್ಲಿ ಆ ಗದ್ಯ ಹುಟ್ಟದಿರಲು ಕಾರಣವಿಲ್ಲದೇ ಇಲ್ಲ. ನನ್ನ ದೊಡ್ಡಪ್ಪ ಕುಡಿದೇ ಹೋದವರು. ಅವರು ಕುಡಿದದ್ದು ಅಜ್ಜ ಇಳಿಸಿದ ಕಳ್ಳಲ್ಲ, ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ದೊಡ್ಡಪ್ಪ ಅದಕ್ಕೂ ಮೊದಲೇ ನಿಂತಿದ್ದರು. ಬಿಯರ್ ಗೈಡುಗಳಲ್ಲಿ ಯಾರೂ ಕುಡಿದ ಮೇಲೆ ಮನೆಗೆ ಹೋಗುವುದಿಲ್ಲ. ಬಾಗಿಲು ತೆರೆಯುವವರು, ಊಟ ಬಡಿಸಿಟ್ಟು ಕಾಯುವವರು ಆ ಪುಟಗಳಲ್ಲಿಲ್ಲ. ಜಾಕ್ಸನ್‌ನ ಬರಹಕ್ಕೆ ದೇಹ ನೇರವಾಗಿ ಬಂದದ್ದು ಕೊನೆಯ ದಿನಗಳಲ್ಲಿ. ಆತನಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ಮಾತು ತೊದಲಿದಾಗ, ಹೆಜ್ಜೆ ತಪ್ಪಿದಾಗ ಜನ ಕುಡಿದಿದ್ದಾನೆ ಎಂದುಕೊಳ್ಳುತ್ತಿದ್ದರು. ಸಾಯುವ ವರ್ಷ ಬರೆದ ಅಂಕಣವೊಂದರ ತಲೆಬರಹದಲ್ಲಿ ಆತ, ತಾನು 'ಮೋರ್ ಸುಬೀಟ್'ಗೆ ಮೋಸ ಮಾಡಿದೆನೇ ಎಂದು ಕೇಳಿಕೊಂಡ. ಅದು ಬ್ರಸೆಲ್ಸ್‌ನ ಒಂದು ಹಳೆಯ ಕೆಫೆಯ ಹೆಸರು, ಒಂದು ಲ್ಯಾಂಬಿಕ್‌ನ ಹೆಸರೂ ಹೌದು. ಅರ್ಥ, ಹಠಾತ್ ಸಾವು. ಕುಡಿಯದೆಯೂ ಕುಡುಕ ಎನ್ನಿಸಿಕೊಂಡ ಆ ದಿನಗಳ ಬಗ್ಗೆ ಆತ ಇನ್ನೂ ಬರೆಯಬೇಕಿತ್ತು.

ಈಗ ಪಟ್ಟಿಯನ್ನು ತಿದ್ದಿದ್ದೇನೆ. ವೆಸ್ಟ್‌ಫ್ಲೆಟೆರೆನ್ ಹೊಡೆದುಹಾಕಿದೆ. ಕೋಪದಿಂದಲ್ಲ, ಆ ಸನ್ಯಾಸಿಗಳಿಗೆ ಇನ್ನೊಬ್ಬಳು ಗಿರಾಕಿ ಬೇಕಾಗಿಲ್ಲ. ಆ ದಿನವನ್ನು ಈಪರ್‌ಗೆ ಕೊಟ್ಟೆ. ಅಲ್ಲಿ ದಿನಾ ರಾತ್ರಿ ಎಂಟಕ್ಕೆ ಮೆನಿನ್ ಗೇಟಿನ ಕೆಳಗೆ ಕಹಳೆ ಊದುತ್ತಾರೆ. ಕ್ಯಾಂಟಿಯೋನ್ ಉಳಿಯಿತು, ಖಾಲಿ ತೊಟ್ಟಿಯನ್ನಾದರೂ ನೋಡಬೇಕು. ಓರ್ವಾಲ್ ಬಿಡಲು ಮನಸ್ಸಾಗಲಿಲ್ಲ. ಸೋತುಬಿಟ್ಟದ್ದು ಕತೆಗೆ. ಮಟಿಲ್ಡಾ ಎಂಬ ಕೌಂಟೆಸ್‌ಳ ಉಂಗುರ ಅಲ್ಲಿನ ಬುಗ್ಗೆಗೆ ಬಿತ್ತಂತೆ, ಅವಳು ಪ್ರಾರ್ಥಿಸಿದಾಗ ಮೀನೊಂದು ಅದನ್ನು ಬಾಯಲ್ಲಿ ಹಿಡಿದು ಮೇಲೆ ಬಂತಂತೆ. ಬಾಟಲಿಯ ಮೇಲೆ ಆ ಮೀನಿದೆ. ಶಕುಂತಲೆಯ ಉಂಗುರ ಓದಿ ಬೆಳೆದವಳಿಗೆ ಇದನ್ನು ಬಿಟ್ಟು ಹೋಗುವುದು ಹೇಗೆ? 1931ರಲ್ಲಿ, ಪಾಳುಬಿದ್ದ ಮಠವನ್ನು ಮತ್ತೆ ಕಟ್ಟುವ ಹಣಕ್ಕಾಗಿ ಅಲ್ಲಿ ಬ್ರೂವರಿ ಶುರುವಾಯಿತು. ಬಾಟಲಿಗೆ ತುಂಬುವಾಗ ಸೇರಿಸುವ ಒರಟು ಯೀಸ್ಟಿನಿಂದಾಗಿ ಹೊಸ ಓರ್ವಾಲ್ ಒಂದು ರುಚಿ, ಆರು ತಿಂಗಳು ಕಳೆದದ್ದು ಇನ್ನೊಂದು ರುಚಿ. ಹಾಗಾಗಿ ಕುಡಿಯುವವರು ಮೊದಲು ಬಾಟಲಿಯ ಮೇಲಿನ ತಾರೀಕು ಓದುತ್ತಾರೆ. ಬಂದ ದಿನಕ್ಕೆ ತಕ್ಕಂತೆ ಬದಲಾಗುವ ಬಿಯರ್‌ಗೆ ಅಂಕ ಕೊಡುವುದು ಹೇಗೋ, ಕೊಟ್ಟವರೇ ಹೇಳಬೇಕು.

ಉದ್ದೇಶದ ಸಾಲಿನಲ್ಲಿ 'ವಿಚಾರಸಂಕಿರಣ ಮತ್ತು ಪ್ರವಾಸ' ಎಂದು ಬರೆದು, ಮೊನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಹೀಗಾಗುತ್ತದೆ.

"ಅಮ್ಮಾ, ಅಜ್ಜ ಬೆಳಿಗ್ಗೆ ಇಳಿಸ್ತಿದ್ದ ಕಳ್ಳು ಹೇಗಿರ್ತಿತ್ತು?"

"ಅದೆಲ್ಲ ನಿನಗೆ ಎಂತಕ್ಕೆ ಮಾರಾಯ್ತಿ?"

"ಬರೀಲಿಕ್ಕೆ."

ಸ್ವಲ್ಪ ಹೊತ್ತು ಟಿವಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು.

"ಬಾವಿ ಹತ್ತಿರದ ಮರದ್ದು ಸಿಹಿ ಜಾಸ್ತಿ," ಅಂದಳು ಅಮ್ಮ. "ಗದ್ದೆ ಬದುವಿನದ್ದು ಬೇಗ ಹುಳಿ ಬರ್ತಿತ್ತು. ಅಪ್ಪ ಎರಡನ್ನೂ ಬೇರೆ ಬೇರೆ ಇಡ್ತಿದ್ದರು. ಯಾಕಂತ ನಾನು ಕೇಳಲಿಲ್ಲ."